ಅಮ್ಮನ ವಂಕಿ

ನನಗೆ ಐದು ವರ್ಷ ಇದ್ದಾಗ ಒಂದು ಮಧ್ಯಾಹ್ನ ಅಮ್ಮನ ಬೀರುವನ್ನು ಪೂರ್ತಿ ಜಾಲಾಡಿದ್ದೆ. ಹುಡುಕುತ್ತಿದ್ದದ್ದು ಒಂದು ವಂಕಿ.

ಆಗಿದ್ದು ಇಷ್ಟು. ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಅಮ್ಮ ಪಕ್ಕದ ಮನೆಯವರಿಗೆ ಪಿಸುದನಿಯಲ್ಲಿ ಹೇಳುತ್ತಿದ್ದಳು, "ನರ್ಸಮ್ಮನ ಹತ್ರ ವಂಕಿ ಹಾಕಿಸ್ಕೊಂಡಿದೀನಿ ಕಣಕ್ಕ. ಯಾರ ಹತ್ರಾನೂ ಅನ್ಬೇಡ." ನನಗೆ ಗೊತ್ತಿದ್ದದ್ದು ಒಂದೇ ವಂಕಿ. ಚಿಕ್ಕಮ್ಮನ ಮದುವೆಯಲ್ಲಿ ಅವಳ ತೋಳಿನ ಮೇಲೆ ಹೊಳೆಯುತ್ತಿತ್ತಲ್ಲ, ಆ ಚಿನ್ನದ ಒಡವೆ. ಅಂಥದ್ದು ಅಮ್ಮನ ಹತ್ತಿರ ಇದ್ದೂ ನನಗೆ ತೋರಿಸಿಲ್ಲವಲ್ಲ ಎಂದು ಸಿಟ್ಟು ಬಂತು. ಸೀರೆಗಳ ಕೆಳಗೆ, ಪಾಸ್‌ಬುಕ್ ಇಟ್ಟಿದ್ದ ಡಬ್ಬಿಯಲ್ಲಿ, ನುಸಿಗುಳಿಗೆಯ ವಾಸನೆಯ ಹಳೇ ಸ್ವೆಟರಿನ ಜೇಬಿನಲ್ಲಿ ಎಲ್ಲ ಕಡೆ ಹುಡುಕಿದೆ. ಸಿಗಲಿಲ್ಲ. ಸೀದಾ ಹೋಗಿ ಅಜ್ಜಿಯನ್ನು ಕೇಳಿದೆ, "ಅಜ್ಜಿ, ಅಮ್ಮನ ವಂಕಿ ಎಲ್ಲಿದೆ?"

ಮುದ್ದೆ ತೊಳಸುತ್ತಿದ್ದ ಅಮ್ಮನ ಕೈ ಹಾಗೇ ನಿಂತುಹೋಯಿತು. ಅದು ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಅಜ್ಜಿ ಮಾತ್ರ ಎಲೆ ಅಡಿಕೆ ಜಗಿಯುತ್ತಾ, "ನಿಮ್ಮಮ್ಮನಿಗೆಲ್ಲಿಯ ವಂಕಿ? ಒಂದ್ ಜೊತೆ ಬಳೆ ಮಾಡ್ಸೋಕೇ ಅವಳ ತೌರಿನೋರು ಹೆಣಗಾಡಿದ್ರು" ಅಂದಳು. ಅಲ್ಲಿಗೆ ಮಾತು ಮುಗಿಯಿತು. ಅಮ್ಮ ಆವತ್ತು ರಾತ್ರಿ ನನಗೆ ಎರಡು ತುತ್ತು ತುಪ್ಪ ಜಾಸ್ತಿ ಹಾಕಿದಳು, ಯಾಕೆ ಅಂತ ಗೊತ್ತಾಗಲಿಲ್ಲ.

ಗೊತ್ತಾಗಿದ್ದು ಇಪ್ಪತ್ತೆಂಟು ವರ್ಷದ ಮೇಲೆ, 2021ರಲ್ಲಿ, ಬೆಂಗಳೂರಿನ ನನ್ನ ಬೆಡ್‌ರೂಮಿನಲ್ಲಿ, ಹೊಟ್ಟೆಯ ಮೇಲೆ ಬಿಸಿನೀರಿನ ಚೀಲ ಇಟ್ಟುಕೊಂಡು ಮಲಗಿದ್ದಾಗ.

ಆಗ ಮಗಳಿಗೆ ಒಂದೂವರೆ ವರ್ಷ. ಇನ್ನೊಂದು ಮಗು ಸದ್ಯಕ್ಕೆ ಬೇಡ, ಬಹುಶಃ ಯಾವತ್ತೂ ಬೇಡ ಎಂದು ನಾನೂ ನನ್ನ ಗಂಡನೂ ಮಾತಾಡಿಕೊಂಡಿದ್ದೆವು. ಕಾಂಡೋಮ್ ಮೇಲೆ ಪೂರ್ತಿ ಭರವಸೆ ಇರಲಿಲ್ಲ. ಒಂದು ಸಲ ಹರಿದು, ಹತ್ತು ದಿನ ಇಬ್ಬರೂ ಕ್ಯಾಲೆಂಡರ್ ನೋಡುತ್ತಾ ಕಳೆದಿದ್ದೆವು. ಮಾತ್ರೆ ನನಗೆ ಆಗುವ ಹಾಗಿಲ್ಲ. ನನ್ನದು ಕಣ್ಣ ಮುಂದೆ ಮಿಂಚಿನ ಗೆರೆ ಕಾಣಿಸಿಕೊಂಡು ಆಮೇಲೆ ಶುರುವಾಗುವ ಮೈಗ್ರೇನ್. ಅಂಥವರಿಗೆ ಈಸ್ಟ್ರೋಜನ್ ಇರುವ ಮಾತ್ರೆ ಕೊಡುವುದಿಲ್ಲ, ಪಾರ್ಶ್ವವಾಯುವಿನ ಅಪಾಯ ಹೆಚ್ಚುತ್ತದೆ. "ಹಾರ್ಮೋನ್ ಇಲ್ಲದ್ದು ಬೇಕು ಅಂದ್ರೆ ಕಾಪರ್-ಟಿ" ಅಂದರು ಡಾಕ್ಟರ್.

ಅವರು ಅದನ್ನು ಪ್ಯಾಕೆಟ್ಟಿನಲ್ಲೇ ತೋರಿಸಿದರು. ಇಷ್ಟೇ ಇಷ್ಟು. ಮೂರೂವರೆ ಸೆಂಟಿಮೀಟರ್ ಉದ್ದದ ಪ್ಲಾಸ್ಟಿಕ್ಕಿನ 'ಟಿ' ಅಕ್ಷರ, ಅದರ ಮೈಗೆ ಸುತ್ತಿದ ತಾಮ್ರದ ತಂತಿ, ಕೆಳಗೆ ಎರಡು ದಾರ. ಹೆಸರು ಕಾಪರ್-ಟಿ 380ಎ. ಅದರ ಮೇಲಿನ ತಾಮ್ರದ ವಿಸ್ತೀರ್ಣ 380 ಚದರ ಮಿಲಿಮೀಟರ್, ಹೆಸರಿನಲ್ಲಿರುವುದು ಆ ಅಂಕಿ. ಗರ್ಭಕೋಶದೊಳಗೆ ತಾಮ್ರ ಸ್ವಲ್ಪ ಸ್ವಲ್ಪವೇ ಬಿಡುಗಡೆಯಾಗುತ್ತದೆ, ಅದು ವೀರ್ಯಾಣುಗಳಿಗೆ ವಿಷ. ಅಂಡಾಣುವಿನ ತನಕ ಹೋಗಲು ಅವಕ್ಕೆ ಆಗುವುದಿಲ್ಲ. ಹಾಕಿಸಿಕೊಂಡ ನೂರು ಹೆಂಗಸರಲ್ಲಿ ಮೊದಲ ವರ್ಷ ಒಬ್ಬರೂ ಬಸಿರಾಗುವುದಿಲ್ಲ ಅನ್ನುವಷ್ಟು ಗಟ್ಟಿ. ಹತ್ತು ವರ್ಷ ಕೆಲಸ ಮಾಡುತ್ತದೆ. ಬೇಡ ಅನಿಸಿದ ದಿನ ತೆಗೆಸಿದರೆ ಮತ್ತೆ ಗರ್ಭ ನಿಲ್ಲುವುದಕ್ಕೆ ಕಾಯಬೇಕಾಗಿಲ್ಲ. ಎಚ್ಚರ ತಪ್ಪಿದ ಐದು ದಿನದೊಳಗೆ ಹಾಕಿಸಿಕೊಂಡರೆ ತುರ್ತು ಉಪಾಯವಾಗಿಯೂ ಆಗುತ್ತದೆ.

ಕೇಳಿದಷ್ಟೂ ಇಷ್ಟವಾಯಿತು. ಎಂಜಿನಿಯರ್ ಮನಸ್ಸು ನೋಡಿ. ಬ್ಯಾಟರಿ ಇಲ್ಲ, ಅಪ್‌ಡೇಟ್ ಇಲ್ಲ, ದಿನಾ ನೆನಪಿಟ್ಟುಕೊಳ್ಳುವ ಹಾಗಿಲ್ಲ. ಒಂದು ಸಲ ಹಾಕಿಸಿದರೆ ಮಗಳು ಹೈಸ್ಕೂಲಿಗೆ ಬರುವ ತನಕ ಯೋಚನೆಯೇ ಇಲ್ಲ.

ಹಾಕುವಾಗ "ಸ್ವಲ್ಪ ಚುರುಕ್ ಅನ್ನತ್ತೆ, ಕೆಮ್ಮಿ" ಅಂದರು. ಕೆಮ್ಮಿದೆ. ಆ 'ಸ್ವಲ್ಪ' ಅನ್ನುವ ಪದದ ಬಗ್ಗೆ ನನಗೆ ಇವತ್ತಿಗೂ ತಕರಾರಿದೆ. ಒಳಗಿನಿಂದ ಯಾರೋ ಹಿಡಿದು ತಿರುಚಿದ ಹಾಗಾಯಿತು. ಹತ್ತು ನಿಮಿಷದ ಕೆಲಸ ಅಷ್ಟೇ, ಆದರೆ ಕ್ಯಾಬ್‌ನಲ್ಲಿ ಮನೆಗೆ ಬರುವಾಗ ಪ್ರತಿ ಹಂಪ್ ಅನ್ನೂ ಲೆಕ್ಕ ಹಾಕಿದೆ. ಕೆಲವರಿಗೆ ಏನೂ ಗೊತ್ತಾಗುವುದೇ ಇಲ್ಲವಂತೆ. ನಾನು ಆ ಕೆಲವರಲ್ಲಿ ಇರಲಿಲ್ಲ.

ರಾತ್ರಿ ಅಮ್ಮನಿಗೆ ಫೋನ್ ಮಾಡಿ ಹೇಳಿದೆ. ಆ ಕಡೆ ಎರಡು ಕ್ಷಣ ಮೌನ.

"ಅಂದ್ರೆ, ವಂಕೀನಾ?"

ಬೀರು, ಸೀರೆ, ನುಸಿಗುಳಿಗೆಯ ವಾಸನೆ, ನಿಂತುಹೋದ ಮುದ್ದೆ ಕೋಲು ಎಲ್ಲಾ ಒಟ್ಟಿಗೇ ಬಂದು ನಿಂತವು. ನಮ್ಮ ಕಡೆ ಆಸ್ಪತ್ರೆ ಭಾಷೆಯಲ್ಲಿ ಅದಕ್ಕೆ ವಂಕಿ ಅನ್ನುತ್ತಾರೆ. ಸರ್ಕಾರದ ಕುಟುಂಬ ಕಲ್ಯಾಣದ ಕಾಗದಗಳಲ್ಲೂ ಅದೇ ಪದ.

ಆವತ್ತು ಅಮ್ಮ ಒಂದೂವರೆ ಗಂಟೆ ಮಾತಾಡಿದಳು. ನಾವಿಬ್ಬರೂ ಫೋನಿನಲ್ಲಿ ಸಾಮಾನ್ಯವಾಗಿ ಏಳು ನಿಮಿಷ ಮಾತಾಡುವವರು, ಅದರಲ್ಲಿ ಐದು ನಿಮಿಷ "ಏನ್ ಅಡುಗೆ?"

ನನ್ನನ್ನು ಹೆತ್ತಾಗ ಅವಳಿಗೆ ತುಂಬಾ ರಕ್ತ ಹೋಗಿತ್ತು. ಬದುಕಿದ್ದೇ ಹೆಚ್ಚು. ಅದೇ ವರ್ಷ ಟಿಸಿಎಚ್ ಸೇರಬೇಕು, ಟೀಚರ್ ಆಗಬೇಕು ಅಂತ ಆಸೆ. ಆದರೆ ಮನೆಯಲ್ಲಿ ಎಲ್ಲರೂ ಕಾಯುತ್ತಿದ್ದದ್ದು ಗಂಡು ಮಗುವಿಗೆ. ಹಳ್ಳಿಗೆ ಬರುತ್ತಿದ್ದ ನರ್ಸಮ್ಮ ಒಂದು ದಿನ ಕಿವಿಯಲ್ಲಿ ಹೇಳಿದರು, "ವಂಕಿ ಹಾಕ್ತೀನಿ, ಯಾರಿಗೂ ಗೊತ್ತಾಗಲ್ಲ." ನರ್ಸಮ್ಮ ಒಳ್ಳೆಯವರೇ. ಆದರೆ ಅವರಿಗೂ ಒಂದು ಲೆಕ್ಕ ಇತ್ತು. ಮಾರ್ಚ್ ಮುಗಿಯುವುದರೊಳಗೆ ಇಷ್ಟು ಆಪರೇಷನ್, ಇಷ್ಟು ವಂಕಿ ಆಗಿರಬೇಕು. ಅಮ್ಮ ಹಾಕಿಸಿಕೊಂಡಳು. ಅಪ್ಪನಿಗೂ ಹೇಳಲಿಲ್ಲ. ಅಪ್ಪ ತಿಪಟೂರಿನ ಕೊಬ್ಬರಿ ಮಂಡಿಯಲ್ಲಿ ಗುಮಾಸ್ತ, ಅಜ್ಜಿಯ ಮುಂದೆ ಯಾವ ಗುಟ್ಟನ್ನೂ ಅರ್ಧ ಗಂಟೆ ಇಟ್ಟುಕೊಂಡವನಲ್ಲ.

ಎರಡು ವರ್ಷವಾದರೂ ಸೊಸೆಗೆ ನಿಲ್ಲಲಿಲ್ಲ ಅಂತ ಅಜ್ಜಿ ಅವಳನ್ನು ಘಾಟಿ ಸುಬ್ರಹ್ಮಣ್ಯಕ್ಕೆ ಕರೆದುಕೊಂಡು ಹೋದಳು. ಹರಕೆ ಹೊತ್ತಳು. ನಾಗರ ಕಲ್ಲಿಗೆ ಹಾಲೆರೆಯುವಾಗ ಅಮ್ಮನಿಗೆ ಕೈಕಾಲು ನಡುಗಿದವಂತೆ. "ದೇವ್ರ ಮುಂದೆ ಸುಳ್ಳು ಹೇಳ್ತಾ ಇದೀನಲ್ಲಪ್ಪಾ ಅನ್ನಿಸ್ತು ಕಣೆ. ಆಮೇಲೆ ಅಂದ್ಕೊಂಡೆ, ನಾನೇನ್ ಹೇಳ್ದೆ? ಹೇಳಿದ್ದೆಲ್ಲಾ ನಿಮ್ಮಜ್ಜೀನೇ."

ಟಿಸಿಎಚ್ ಮುಗಿಸಿದಳು. ಅಷ್ಟರಲ್ಲಿ ವಂಕಿ ಕಾಟ ಕೊಡಲು ಶುರು ಮಾಡಿತ್ತು. ಮುಟ್ಟಾದರೆ ಒಂಬತ್ತು ದಿನ, ಸೊಂಟ ಬಿದ್ದುಹೋಗುವಂಥ ನೋವು. ತೆಗೆದುಬಿಡಿ ಅಂತ ಕೇಳಿದಳು. "ಎಲ್ಲಾರಿಗೂ ಹಂಗೇ ಆಗತ್ತೆ, ತಡ್ಕೊಳಮ್ಮ" ಅಂದರು. ಇನ್ನೊಂದು ಸಲ ಹೋದಳು. "ಯಜಮಾನ್ರನ್ನ ಕರ್ಕೊಂಡ್ ಬಾ" ಅಂದರು. ಯಜಮಾನರಿಗೆ ಹಾಕಿಸಿದ್ದೇ ಗೊತ್ತಿಲ್ಲ! ಮೂರನೇ ಸಲ ಒಂದು ಸುಳ್ಳು ಹೇಳಿದಳು. "ಇನ್ನೊಂದು ಮಗು ಬೇಕು, ತೆಗೀರಿ."

ಆ ಒಂದು ಮಾತಿಗೆ ಐದು ನಿಮಿಷದಲ್ಲಿ ತೆಗೆದರು.

"ಆರೇ ತಿಂಗಳಿಗೆ ಸುಳ್ಳು ನಿಜ ಆಯ್ತು ನೋಡು" ಅಂತ ಅಮ್ಮ ನಕ್ಕಳು. ನನ್ನ ತಮ್ಮ ಹುಟ್ಟಿದ. ಅಜ್ಜಿ ಘಾಟಿಗೆ ಹೋಗಿ ಹರಕೆ ತೀರಿಸಿ, ಆ ದೇವರ ಹೆಸರನ್ನೇ ಅವನಿಗೆ ಇಟ್ಟಳು. ಅಜ್ಜಿ ಸಾಯುವ ತನಕ ಅದು ದೇವರ ಪ್ರಸಾದವೇ.

ಆ ಫೋನ್ ಕರೆ ನನಗೆ ಒಂದು ತಮಾಷೆಯ ಕಥೆಯ ಹಾಗೆ ಕೇಳಿಸಿತ್ತು. ಅದರಲ್ಲಿ ನನಗೂ ಒಂದು ಪಾಠ ಇದೆ ಅಂತ ಅರ್ಥವಾಗಲು ಒಂದು ವರ್ಷ ಬೇಕಾಯಿತು.

ಮೊದಲ ಮೂರರಿಂದ ಆರು ತಿಂಗಳು ಮುಟ್ಟು ಜಾಸ್ತಿಯಾಗಬಹುದು, ನುಲಿ ಬರಬಹುದು, ಆಮೇಲೆ ಬಹಳಷ್ಟು ಜನರಿಗೆ ತಹಬಂದಿಗೆ ಬರುತ್ತದೆ ಅಂತ ಡಾಕ್ಟರ್ ಮೊದಲೇ ಹೇಳಿದ್ದರು. ಅದು ನಿಜ. ನನ್ನ ಟೀಮಿನಲ್ಲೇ ಮಂಗಳೂರಿನ ಗೆಳತಿ ಒಬ್ಬಳಿದ್ದಾಳೆ. ಆರು ವರ್ಷದಿಂದ ಇದೆ. "ಮಾರಾಯ್ತಿ, ನನಗದು ಉಂಟು ಅಂತಲೇ ಮರೆತುಹೋಗಿದೆ" ಅನ್ನುತ್ತಾಳೆ. ಅವಳನ್ನು ಕೇಳಿದರೆ ಜಗತ್ತಿನಲ್ಲಿ ಇದಕ್ಕಿಂತ ಒಳ್ಳೆಯ ವಸ್ತುವಿಲ್ಲ. ಇನ್ನೊಬ್ಬಳಿಗೆ ಅದು ತಾನಾಗಿಯೇ ಜಾರಿ ಹೊರಗೆ ಬಂದಿತ್ತು. ದಾರ ಕೈಗೆ ಸಿಗುತ್ತಾ ಅಂತ ಆಗಾಗ ನೋಡಿಕೊಳ್ಳಬೇಕು ಅಂತ ಅವಳಿಗೆ ಯಾರೂ ಹೇಳಿರಲಿಲ್ಲ. ಮತ್ತೊಬ್ಬಳು, ಮದುವೆಯಾಗದವಳು, ಕೇಳಲು ಹೋದರೆ "ಮದುವೆ ಆಗಿ ಒಂದು ಮಗು ಆದ್ಮೇಲೆ ಬನ್ನಿ" ಅಂತ ವಾಪಸ್ ಕಳಿಸಿದ್ದರು. ಹೆರದವರಿಗೆ ಹಾಕಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯಲ್ಲಿ ಇಲ್ಲವೇ ಇಲ್ಲ. ಅಲ್ಲಿ ಅಡ್ಡ ಬಂದದ್ದು ವೈದ್ಯಶಾಸ್ತ್ರ ಅಲ್ಲ, ತಾಳಿ.

ನನ್ನ ಪಾಡು ಬೇರೆ. ನಾಲ್ಕು ದಿನದ ಮುಟ್ಟು ಒಂಬತ್ತು ದಿನವಾಯಿತು. ಎರಡು ಗಂಟೆಗೊಂದು ಪ್ಯಾಡ್. ಮನೆಯಿಂದ ಕೆಲಸ ಮಾಡುತ್ತಿದ್ದ ತನಕ ಹೇಗೋ ನಡೆಯಿತು, ಕ್ಯಾಮೆರಾ ಆಫ್ ಮಾಡಿ ಚಾಪೆಯ ಮೇಲೆ ಮುದುರಿ ಮಲಗಿಯೇ ಸ್ಟ್ಯಾಂಡಪ್ ಮೀಟಿಂಗ್ ಮುಗಿಸುತ್ತಿದ್ದೆ. ಆಫೀಸ್ ತೆರೆದ ಮೇಲೆ ಕಪ್ಪು ಪ್ಯಾಂಟ್ ಬಿಟ್ಟು ಬೇರೆ ಬಣ್ಣ ಹಾಕಲಿಲ್ಲ. ಒಂದು ದಿನ ಕ್ಲೈಂಟ್ ಮೀಟಿಂಗ್ ಮುಗಿದ ಮೇಲೆ ಎಲ್ಲರೂ ಎದ್ದು ಹೋದರೂ ನಾನು ಮಾತ್ರ ಲ್ಯಾಪ್‌ಟಾಪ್ ನೋಡುತ್ತಾ ಕೂತೇ ಇದ್ದೆ. ಕೊನೆಗೆ ಹೌಸ್‌ಕೀಪಿಂಗ್ ಅಕ್ಕ ಬಂದು ನನ್ನ ಮುಖ ನೋಡಿ, ಏನೂ ಕೇಳದೆ ತನ್ನ ಶಾಲು ಕೊಟ್ಟಳು. ಕುರ್ಚಿಯನ್ನೂ ಅವಳೇ ಒರೆಸಿದಳು. ಅವಳಿಗೆ ಥ್ಯಾಂಕ್ಸ್ ಹೇಳುವಾಗ ಅಳು ಬಂತು.

ಮೆಟ್ಟಿಲು ಹತ್ತಿದರೆ ಏದುಸಿರು. ಮಗಳನ್ನು ಎತ್ತಿಕೊಂಡರೆ ಕಣ್ಣು ಕತ್ತಲೆ. ಹಾಕಿಸಿಕೊಳ್ಳುವ ಮುಂಚೆ 11.8 ಇದ್ದ ಹಿಮೋಗ್ಲೋಬಿನ್ ಹನ್ನೊಂದನೇ ತಿಂಗಳಿಗೆ 8.6ಕ್ಕೆ ಇಳಿದಿತ್ತು. ಸ್ಕ್ಯಾನಿಂಗ್‌ನಲ್ಲಿ ಕಾಪರ್-ಟಿ ಇರಬೇಕಾದ ಜಾಗದಲ್ಲೇ ಇತ್ತು. ಅದರ ಕೆಲಸ ಅದು ಸರಿಯಾಗಿಯೇ ಮಾಡುತ್ತಿತ್ತು. ಅದಕ್ಕೂ ನನ್ನ ಮೈಗೂ ಕೂಡಿ ಬರಲಿಲ್ಲ, ಅಷ್ಟೇ.

ಆಗ ಈ ವಂಕಿಯ ಹಿಂದೆ ಬಿದ್ದು ಓದಲು ಶುರು ಮಾಡಿದೆ. ಸರ್ಕಾರವೇ ಜನನ ನಿಯಂತ್ರಣ ಕ್ಲಿನಿಕ್ ತೆರೆದದ್ದರಲ್ಲಿ ನಮ್ಮ ಮೈಸೂರು ಸಂಸ್ಥಾನ ಜಗತ್ತಿನಲ್ಲೇ ಮೊದಲ ಸಾಲಿನಲ್ಲಿದೆ. ಅದು 1930ರಲ್ಲಿ. 1965ರಲ್ಲಿ ಲಿಪ್ಪೆಸ್ ಲೂಪ್ ಅನ್ನುವ ಪ್ಲಾಸ್ಟಿಕ್ ಸಾಧನವನ್ನು ಇಡೀ ದೇಶದ ಕುಟುಂಬ ಯೋಜನೆಗೆ ತಂದರು. ಹಾವಿನ ಹಾಗೆ ಬಳುಕಿದ ಆಕಾರ ಅದರದು. ವಂಕಿ ಅನ್ನುವ ಹೆಸರು ಈಗಿನ 'ಟಿ'ಗಿಂತ ಅದಕ್ಕೇ ಹೆಚ್ಚು ಒಪ್ಪುತ್ತದೆ. ಶಿಬಿರ ಮಾಡಿ, ಸಂಖ್ಯೆ ಲೆಕ್ಕ ಹಾಕಿ ಹಾಕಿದರು. ರಕ್ತಸ್ರಾವ ಆದವರನ್ನು ಆಮೇಲೆ ನೋಡಿಕೊಳ್ಳುವ ವ್ಯವಸ್ಥೆ ಅಷ್ಟು ವೇಗವಾಗಿ ಬೆಳೆಯಲಿಲ್ಲ. ಕೆಲವೇ ವರ್ಷದಲ್ಲಿ ಜನ ಲೂಪ್ ಅಂದರೆ ಹೆದರುವ ಹಾಗಾಯಿತು. ನರ್ಸಮ್ಮನ ಮಾರ್ಚ್ ತಿಂಗಳ ಲೆಕ್ಕ ಇತ್ತಲ್ಲ, ಆ ಗುರಿ ಪದ್ಧತಿಯನ್ನು ಕೇಂದ್ರ ಸರ್ಕಾರ ಕೈಬಿಟ್ಟಿದ್ದು 1996ರಲ್ಲಿ. ಅಮ್ಮ ತೆಗೆಸಿಕೊಂಡ ಮೂರು ವರ್ಷದ ಮೇಲೆ.

ಅಂಕಿ ನೋಡಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ 15ರಿಂದ 49 ವರ್ಷದ ವಿವಾಹಿತ ಹೆಂಗಸರಲ್ಲಿ ಸುಮಾರು 38 ಶೇಕಡಾ ಜನ ಆಪರೇಷನ್ ಮಾಡಿಸಿಕೊಂಡವರು. ಕಾಪರ್-ಟಿಯಂಥ ಸಾಧನ ಬಳಸುವವರು ಬರೀ 2.1 ಶೇಕಡಾ. ಗಂಡಂದಿರು ಆಪರೇಷನ್ ಮಾಡಿಸಿಕೊಂಡಿದ್ದು 0.3 ಶೇಕಡಾ. ಹತ್ತು ವರ್ಷ ಕೆಲಸ ಮಾಡುವ, ಬೇಡವಾದಾಗ ತೆಗೆಸಬಹುದಾದ ಉಪಾಯ ಕೈಯಲ್ಲಿದ್ದರೂ ಹೆಂಗಸರು ಅದರ ಹತ್ತಿರ ಯಾಕೆ ಬರುತ್ತಿಲ್ಲ? ಹಳ್ಳಿಯವರಿಗೆ ತಿಳಿವಳಿಕೆ ಇಲ್ಲ ಅಂತ ಹೇಳಿಬಿಡುವುದು ಸುಲಭ. ಆದರೆ "ತೆಗೀರಿ" ಅಂದಾಗ ತೆಗೆಯದೇ ಇದ್ದ ಒಬ್ಬಳ ಕಥೆ ಒಂದು ಊರಿಗೆ ಸಾಕು. ಹಿತ್ತಲಿನಲ್ಲಿ ಪಿಸುದನಿಯಲ್ಲಿ ಆ ಕಥೆ ಹತ್ತು ಮನೆ ದಾಟುತ್ತದೆ.

ಹನ್ನೊಂದನೇ ತಿಂಗಳು ಬ್ಲಡ್ ರಿಪೋರ್ಟ್ ಹಿಡಿದು ಡಾಕ್ಟರ್ ಹತ್ತಿರ ಹೋದೆ. ಹಾಕಿದವರು ಊರಲ್ಲಿರಲಿಲ್ಲ, ಬೇರೆಯವರಿದ್ದರು. ತೆಗೆಯಬೇಕು ಅಂದೆ.

"ಇಷ್ಟು ಬೇಗ ಯಾಕೆ? ಕಬ್ಬಿಣದ ಮಾತ್ರೆ ತಗೊಳ್ಳಿ, ಇನ್ನೊಂದಾರು ತಿಂಗಳು ನೋಡೋಣ. ಅಡ್ಜಸ್ಟ್ ಆಗತ್ತೆ."

"ಇಲ್ಲ ಡಾಕ್ಟರ್, ಸಾಕಾಗಿದೆ."

"ಮನೆಯವರ ಹತ್ರ ಮಾತಾಡಿದೀರಾ?"

ಮಾತಾಡಿದ್ದೆ. ಆ ಪ್ರಶ್ನೆಗೆ ಹೂಂ ಅಂದುಬಿಟ್ಟಿದ್ದರೆ ಆಗಿಹೋಗುತ್ತಿತ್ತು. ಆದರೆ ನಾಲಿಗೆ ಕಟ್ಟಿತು. ನನ್ನ ಹೆಸರಿನ ಮುಂದೆ ಸೀನಿಯರ್ ಮ್ಯಾನೇಜರ್ ಅಂತ ಇದೆ, ಹನ್ನೆರಡು ಜನರ ಕೆಲಸಕ್ಕೆ ನಾನು ಜವಾಬ್ದಾರಿ. ನನ್ನ ಗರ್ಭಕೋಶದ ವಿಷಯದಲ್ಲಿ ಮಾತ್ರ ನನಗೆ ಇನ್ನೂ ಒಬ್ಬರ ಸಹಿ ಬೇಕಿತ್ತು. ಆವರು ಮತ್ತೆ ಕೇಳಿದರು, "ಅಥವಾ ಸೆಕೆಂಡ್ ಬೇಬಿಗೆ ಪ್ಲಾನ್ ಮಾಡ್ತಿದೀರಾ?" ಅವರ ಮುಖ ಆಗ ಸ್ವಲ್ಪ ಅರಳಿತು.

ಆ ಸುಳ್ಳು ನನ್ನ ಬಾಯಿತನಕ ಬಂದಿತ್ತು. ಎಷ್ಟು ಸುಲಭ ಇತ್ತು ಗೊತ್ತಾ. ಹೂಂ ಅಂದರೆ ಸಾಕು, ಐದು ನಿಮಿಷದ ಕೆಲಸ. ಮಗು ಬೇಕು ಅಂದ ಹೆಂಗಸಿಗೆ ಯಾರೂ ಕಾರಣ ಕೇಳುವುದಿಲ್ಲ. ಅಮ್ಮ ಮೂರು ಸಲ ನಡೆದು ಹೋಗಿ ಕಲಿತುಕೊಂಡ ಉತ್ತರ ಅದು. ಅವಳಿಗೆ ಬೇರೆ ದಾರಿ ಇರಲಿಲ್ಲ. ನನಗಿತ್ತು.

"ಇಲ್ಲ ಡಾಕ್ಟರ್. ನನಗೆ ಮಗೂನೂ ಬೇಡ, ಇದೂ ಬೇಡ. ತೆಗೆದುಬಿಡಿ."

ಅವರು ಒಂದು ಕ್ಷಣ ನನ್ನನ್ನು ನೋಡಿದರು. ಆಮೇಲೆ ರಿಪೋರ್ಟ್ ನೋಡಿದರು. "ಸರಿ, ಬನ್ನಿ" ಅಂದರು. ದಾರ ಹಿಡಿದು ಎಳೆಯಲು ಒಂದು ನಿಮಿಷವೂ ಆಗಲಿಲ್ಲ. ಹಾಕುವಾಗಿನ ನೋವಿನ ಕಾಲುಭಾಗವೂ ಇರಲಿಲ್ಲ. ಆ ಡಾಕ್ಟರ್ ಕೆಟ್ಟವರಲ್ಲ, ನರ್ಸಮ್ಮನ ಹಾಗೆ. ಹಾಕಿದ್ದು ಉಳಿಯಬೇಕು ಅನ್ನುವುದು ಅವರಿಗೆ ಅಭ್ಯಾಸವಾಗಿಹೋಗಿತ್ತು, ಅಷ್ಟೇ.

ಇದನ್ನು ಓದಿ ಕಾಪರ್-ಟಿ ಬೇಡಪ್ಪಾ ಅಂತ ಅಂದುಕೊಂಡರೆ ನಾನು ಸರಿಯಾಗಿ ಬರೆದಿಲ್ಲ ಅಂತ ಅರ್ಥ. ನನ್ನ ಮಂಗಳೂರಿನ ಗೆಳತಿಯ ಹಾಗೆ ಮರೆತೇ ಹೋಗುವಷ್ಟು ಆರಾಮಾಗಿ ಇರುವವರು ಬಹಳ ಜನ ಇದ್ದಾರೆ. ಹಾಕಿಸಿಕೊಳ್ಳುವ ಮುಂಚೆ ಹಿಮೋಗ್ಲೋಬಿನ್ ನೋಡಿಸಿಕೊಳ್ಳಿ. ನಿಮ್ಮ ಮುಟ್ಟು ಮೊದಲೇ ಜೋರಿದ್ದರೆ ಅದನ್ನು ಡಾಕ್ಟರಿಗೆ ಹೇಳಿ. ನೋವಿಗೆ ಏನು ಕೊಡುತ್ತೀರಿ ಅಂತ ಸಂಕೋಚವಿಲ್ಲದೆ ಕೇಳಿ. ಕೊನೆಗೆ ಇನ್ನೊಂದು ಪ್ರಶ್ನೆಯನ್ನೂ ಅದೇ ದಿನ ಕೇಳಿ, "ನಾನು ಬೇಡ ಅಂದ ದಿನ ತೆಗೀತೀರಾ?" ಈ ಪ್ರಶ್ನೆಗೆ ಥಟ್ಟನೆ ಹೌದು ಅಂದ ಡಾಕ್ಟರ್ ಹತ್ತಿರ ಧೈರ್ಯವಾಗಿ ಹಾಕಿಸಿಕೊಳ್ಳಿ. ಬೇಡ ಅಂದರೆ ತೆಗೆಯುತ್ತಾರೆ ಅನ್ನುವ ನಂಬಿಕೆ ಇದ್ದರೆ ತಾನೇ ಹಾಕಿಸಿಕೊಂಡಿದ್ದು ನಮ್ಮ ಆಯ್ಕೆ ಆಗುವುದು. ಇಲ್ಲದಿದ್ದರೆ ಅದೂ ಇನ್ನೊಬ್ಬರ ಲೆಕ್ಕವೇ.

ಈಗ ಹಿಮೋಗ್ಲೋಬಿನ್ ಹನ್ನೆರಡರ ಹತ್ತಿರ ಇದೆ. ನಾವು ಮತ್ತೆ ಕಾಂಡೋಮಿಗೆ ಬಂದಿದ್ದೇವೆ, ಸದ್ಯಕ್ಕೆ. ನನ್ನ ಗಂಡ ತನ್ನ ಆಪರೇಷನ್ ಬಗ್ಗೆ ಒಬ್ಬ ಡಾಕ್ಟರ್ ಹತ್ತಿರ ಮಾತಾಡಿ ಬಂದಿದ್ದಾನೆ. ಅತ್ತೆಗೆ ವಿಷಯ ಗೊತ್ತಾಗಿ ಎರಡು ದಿನ ಅವನ ಹತ್ತಿರ ಮಾತು ಬಿಟ್ಟಿದ್ದರು. ಅವನಿನ್ನೂ ದಿನ ಗೊತ್ತು ಮಾಡಿಲ್ಲ. ನಾನೂ ಅವಸರ ಮಾಡುತ್ತಿಲ್ಲ, ಅದು ಅವನ ಮೈ.

ತೆಗೆದ ದಿನ ನರ್ಸ್ ಅದನ್ನು ಎಸೆಯುವ ಮುಂಚೆ ಟ್ರೇಯಲ್ಲಿ ತೋರಿಸಿದ್ದರು. ತಾಮ್ರ ಹೊಳಪು ಹೋಗಿ ಹಳೇ ಪೂಜೆ ತಂಬಿಗೆಯ ಹಾಗೆ ಕಪ್ಪಾಗಿತ್ತು. ಒಂದು ಫೋಟೊ ತೆಗೆದು ಅಮ್ಮನಿಗೆ ಕಳಿಸಿದೆ. ನೀಲಿ ಗೆರೆ ಬಂದ ತಕ್ಷಣ ಫೋನ್ ಬಂತು.

"ಇಷ್ಟೇನಾ ಇದು? ನಾನು ನಂದನ್ನ ನೋಡ್ಲೇ ಇಲ್ಲ ಕಣೆ."

"ನಾನು ಬೀರು ಎಲ್ಲಾ ಹುಡುಕಿದ್ದೆ."

ಅಮ್ಮ ನಕ್ಕಳು. ಆಮೇಲೆ ಕೇಳಿದಳು, "ಏನಂತ ಹೇಳಿ ತೆಗೆಸ್ಕೊಂಡೆ?"

"ಬೇಡ ಅಂತ."

"ಬರೀ ಬೇಡ ಅಂತಾನಾ?"

"ಹೂಂ."

ಅಮ್ಮ ಸ್ವಲ್ಪ ಹೊತ್ತು ಏನೂ ಅನ್ನಲಿಲ್ಲ. ಹಿಂದೆ ಕುಕ್ಕರ್ ಕೂಗುತ್ತಿತ್ತು. ಎದ್ದು ಹೋಗಿ ಅದನ್ನು ಆರಿಸಿ ಬಂದು ಮತ್ತೆ ಕೇಳಿದಳು, "ಅಷ್ಟಕ್ಕೇ ತೆಗೆದ್ರಾ?"